ಹಗಲು ಹೊತ್ತಿನ ಮುಹೂರ್ತ

ಜಯಶೀಲ ಸಿದ್ದರಾಜುವಿನ ಜೊತೆ ಆಡಿದ ಮೊದಲ ಮಾತೇ ಬೈಗುಳ.

ನಾಗಮಂಗಲದ ಒಂದು ಶಾಲೆಯಲ್ಲಿ ತಿಂಗಳ ಕೊನೆಯ ಭಾನುವಾರ ಮೂರ್ಛೆರೋಗದ ಕ್ಯಾಂಪು ನಡೆಯುತ್ತಿತ್ತು. ಜನರ ಬಾಯಲ್ಲಿ ಅದು ಪಿಡ್ಸಿನ ಕ್ಯಾಂಪು. ಬೆಂಗಳೂರಿನಿಂದ ಡಾಕ್ಟರ್ ಸುಧೀಂದ್ರ ಬಂದು ಪುಕ್ಕಟೆ ನೋಡಿ ಮಾತ್ರೆ ಕೊಟ್ಟು ಹೋಗುತ್ತಿದ್ದರು. ಬೆಂಚಿನ ಮೇಲೆ ಕೂತವರನ್ನು ಮೊದಲು ಮಾತಾಡಿಸಿ, ಮಾತ್ರೆ ತಪ್ಪಿಸಿದ್ದಾರೋ ಹೇಗೆ ಎಂದು ವಿಚಾರಿಸಿ ಒಳಗೆ ಕಳಿಸುವ ಕೆಲಸವನ್ನು ಜಯಶೀಲ ತಾನಾಗಿ ಹೊತ್ತುಕೊಂಡಿದ್ದಳು. ಅವಳಿಗೂ ಅದೇ ಕಾಯಿಲೆ. ಹಿಂದೆ ಅದೇ ಬೆಂಚಿನ ತುದಿಯಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವಳು, ಈಗ ಎದ್ದು ನಿಂತು ಬೇರೆಯವರ ಸೆರಗು ಸರಿಸುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ತೇಳರ ಆ ಭಾನುವಾರ ಬೆಂಚಿನ ಕೊನೆಯಲ್ಲಿ ಒಬ್ಬ ಹೊಸಬ ಕೂತಿದ್ದ. ಮೊಣಕೈವರೆಗೆ ಮಡಿಚಿದ ಬಿಳಿ ಅಂಗಿ, ಕಾಲಿನ ನಡುವೆ ಒಂದು ಸ್ಟೀಲ್ ಕ್ಯಾನು.

"ಮಾತ್ರೆ ತಗೋತಿದ್ದೀರಾ?"

ಅವನು ತಲೆಯೆತ್ತಿ ನೋಡಿದ. ನೋಡಿದವನಿಗೆ ಉತ್ತರ ಕೊಡುವುದು ಮರೆತೇ ಹೋಯಿತು.

"ನಿಮ್ಮನ್ನೇ ಕೇಳ್ತಿರೋದು. ತಗೋತಿದ್ದೀರೋ, ಬಿಟ್ಟಿದ್ದೀರೋ?"

"ಬುಟ್ಬುಟ್ಟಿವ್ನಿ ಮೇಡಂ."

"ಯಾಕೆ?"

"ಚೆನ್ನಾಗವ್ನಲ್ಲ, ಇನ್ಯಾಕೆ ಅಂತ."

ಸಾಕಾಯಿತು. ಜಯಶೀಲ ಜಡೆಯನ್ನು ಬೆನ್ನಿಗೆ ಎಸೆದುಕೊಂಡು ಶುರುಮಾಡಿದಳು. ಚೆನ್ನಾಗಿರುವುದೇ ಮಾತ್ರೆಯಿಂದ ಎಂದಳು. ಒಂದು ದಿನ ತಪ್ಪಿಸಿದರೂ ಕಾಯಿಲೆ ಬಾಗಿಲಲ್ಲೇ ಕಾದಿರುತ್ತದೆ ಎಂದಳು. ಬೈಯುವಾಗ ಅವಳ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಅವನು ಆ ಹುಬ್ಬನ್ನೇ ನೋಡುತ್ತಾ ತಲೆಯಾಡಿಸಿದ.

"ತೆಪ್ಪಾಯ್ತು ಮೇಡಂ. ಇನ್ನೊಂದ್ಸಲ ಬೈದೇಳಿ, ಸರ್ಯಾಗಿ ಅರ್ಥ ಆಗ್ನಿಲ್ಲ."

ಅಷ್ಟರಲ್ಲಿ ಡಾಕ್ಟರು ಹೊರಗೆ ಇಣುಕಿದರು. "ಸಿದ್ದರಾಜು, ಹಾಲು ತಂದ್ರಾ? ಟೀಗೆ ಆಗಿನಿಂದ ಕಾಯ್ತಾ ಇದ್ದೀವಿ."

ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ಹೊಣಕೆರೆಯಿಂದ ಒಳಗಿನ ಒಂದು ಹಳ್ಳಿಯ ಹಾಲಿನ ಡೈರಿ ಸೆಕ್ರೆಟರಿ. ಕ್ಯಾಂಪಿನ ಟೀಗೆ ಹಾಲು ಕೊಡಲು ಬಂದವನು ನೆರಳಿದೆಯೆಂದು ಬೆಂಚಿನ ಮೇಲೆ ಕೂತಿದ್ದ. ಸುತ್ತ ಇದ್ದವರು ಮುಸಿಮುಸಿ ನಕ್ಕರು. ಜಯಶೀಲ ನಗಲಿಲ್ಲ.

"ಇಲ್ಲಿ ಕೂತಿರೋರೆಲ್ಲ ಈ ಕಾಯಿಲೆ ಇಲ್ಲ ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿ ಬಂದಿರೋರು. ನೀವು ಇದೆ ಅಂತ ಸುಳ್ಳು ಹೇಳ್ತೀರಲ್ಲ, ನಾಚ್ಕೆ ಆಗಲ್ವಾ?"

ಅವನ ಮುಖದ ನಗು ಇಳಿದುಹೋಯಿತು. ಕ್ಯಾನು ಒಳಗಿಟ್ಟು, ಟೀ ಕೂಡ ಕುಡಿಯದೆ ಹೊರಟುಹೋದ.

ಮುಂದಿನ ತಿಂಗಳು ಮತ್ತೆ ಬಂದ. ಈ ಸಲ ಬೆಂಚಿನ ಮೇಲೆ ಕೂರಲಿಲ್ಲ, ಬಾಗಿಲ ಹೊರಗೆ ಬಿಸಿಲಲ್ಲೇ ನಿಂತ.

"ಮೇಡಂ, ದಂಡ ಹಾಕ್ಬುಡಿ. ತಿಂಗ್ಳಿಂದ ಮನ್ಸು ಸರಿ ಇಲ್ಲ."

ದಂಡ ಸಿದ್ಧವಾಗಿಯೇ ಇತ್ತು. ಪಿಡ್ಸು ಬಂದಾಗ ಏನು ಮಾಡಬೇಕೆಂದು ಜಯಶೀಲ ಪ್ರತಿ ಕ್ಯಾಂಪಿನಲ್ಲೂ ಹೇಳಿಕೊಡುತ್ತಿದ್ದಳು. ಆದರೆ ಚಾಪೆಯ ಮೇಲೆ ರೋಗಿಯ ಹಾಗೆ ಮಲಗಿ ತೋರಿಸಲು ಒಬ್ಬರೂ ಒಪ್ಪುತ್ತಿರಲಿಲ್ಲ. ಆಟಕ್ಕೆ ಮಲಗಿದರೂ ಕಾಯಿಲೆ ಅಂಟಿಬಿಡುತ್ತದೆ ಎಂಬ ಹೆದರಿಕೆ. ಸಿದ್ದರಾಜು ಚಪ್ಪಲಿ ಬಿಟ್ಟು ಹೋಗಿ ಮಲಗಿದ.

"ಕೈಗೆ ಬೀಗದಕೈ ಕೊಡಬೇಡಿ. ಈರುಳ್ಳಿ, ಎಕ್ಕಡ ಏನೂ ಮೂಸಿಸಬೇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ. ಹಿಂಗೆ ಒಂದು ಮಗ್ಗುಲಿಗೆ ತಿರುಗಿಸಿ. ಎಚ್ಚರ ಆಗೋತನಕ ಜೊತೇಲಿರಿ. ಅಷ್ಟೇ."

ಅವನ ಹೆಗಲನ್ನು ಹಿಡಿದು ತಿರುಗಿಸುವಾಗ ಅಂಗಿಯ ಒಳಗಿನ ಬಿಸಿ ಅವಳ ಅಂಗೈಗೆ ತಾಕಿತು. ಅವನು ಒಂದು ಕಣ್ಣು ಮಾತ್ರ ತೆರೆದ.

"ಮೇಡಂ, ಈ ಕಡೆ ತಿರುಗ್ಸುದ್ರೆ ನೀವು ಕಾಣಾಕಿಲ್ಲ."

"ಪಿಡ್ಸು ಬಂದೋರಿಗೆ ಯಾರೂ ಕಾಣಲ್ಲ. ಕಣ್ಣು ಮುಚ್ಚಿ."

ಕೋಣೆಯಲ್ಲಿ ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ಜನ ಹೀಗೆ ಬಾಯಿಬಿಟ್ಟು ನಕ್ಕಿದ್ದನ್ನು ಜಯಶೀಲ ಅದುವರೆಗೆ ಕೇಳಿರಲಿಲ್ಲ. ಅವಳ ಹುಬ್ಬು ಏರಲು ಹೋಗಿ, ಏರದೆ, ತುಟಿಯಲ್ಲಿ ನಗುವಾಗಿ ಬಂತು.

ಆಮೇಲೆ ಅವನು ಒಂದು ತಿಂಗಳೂ ತಪ್ಪಿಸಲಿಲ್ಲ. ಹಾಲು ತರುವುದು ನೆಪವೆಂದು ಡಾಕ್ಟರಿಗೂ ಗೊತ್ತಿತ್ತು. ಆ ವರ್ಷವೇ ಡಾಕ್ಟರು ಗೋಡೆಗೆ ಒಂದು ಹೊಸ ಪೋಸ್ಟರು ಅಂಟಿಸಿದರು. ಪ್ರಪಂಚದ ದೇಶದೇಶಗಳ ಡಾಕ್ಟರುಗಳು, ರೋಗಿಗಳು, ಅವರ ಮನೆಯವರು ಸೇರಿ ಒಂದು ಆಂದೋಲನ ಶುರುಮಾಡಿದ್ದಾರೆ, ಮೂರ್ಛೆರೋಗದವರು ಇನ್ನು ನೆರಳಿನಿಂದ ಹೊರಗೆ ಬರಬೇಕಂತೆ ಎಂದು ವಿವರಿಸಿದರು.

"ಹೊರಗೆ ಬಂದ್ರೆ ಬಿಸಿಲು ಸಾರ್," ಎಂದಳು ಜಯಶೀಲ.

"ಕೊಡೆ ನಾನು ಹಿಡ್ಕತೀನಿ," ಎಂದ ಸಿದ್ದರಾಜು ಹಿಂದಿನಿಂದ, ಅವಳಿಗೆ ಮಾತ್ರ ಕೇಳುವ ಹಾಗೆ.

ಹೀಗೆ ಮುಖ ಅರಳಿಸುವ ಮಾತು ಆಡುವುದರಲ್ಲಿ ಅವನು ಎತ್ತಿದ ಕೈ. ಅಂಥವರನ್ನು ಕಂಡರೆ ಯಾರಿಗಾದರೂ ಇಷ್ಟ. ಅವಳಿಗೂ ಇಷ್ಟವಾಯಿತು. ಇಷ್ಟವಾಯಿತೆಂದು ಗೊತ್ತಾದ ದಿನವೇ ಹೆದರಿಕೆಯೂ ಆಯಿತು.

ಮರುವರ್ಷ ಶ್ರೀರಂಗಪಟ್ಟಣದಲ್ಲಿ ಸಹಿ ಸಂಗ್ರಹದ ಕೆಲಸವಿತ್ತು. ಹಿಂದೂ ಮದುವೆಯ ಕಾನೂನಿನಲ್ಲಿ ಒಂದು ಮಾತಿತ್ತು. ಮೇಲಿಂದ ಮೇಲೆ ಮೂರ್ಛೆ ಬರುವವರು ಮದುವೆಗೆ ತಕ್ಕವರಲ್ಲ, ಅಂಥವರ ಮದುವೆಯನ್ನು ಕೋರ್ಟು ರದ್ದು ಮಾಡಬಹುದು ಎಂದು. ಆ ಪದವನ್ನು ತೆಗೆಯಿರೆಂದು ರೋಗಿಗಳೂ ಡಾಕ್ಟರುಗಳೂ ಸೇರಿ ದೆಹಲಿಯವರೆಗೆ ಕೂಗುತ್ತಿದ್ದರು. ನಾಗಮಂಗಲದ ಪರವಾಗಿ ಜಯಶೀಲ ಹೊರಟಳು. ಕೊಡೆ ಹಿಡಿದುಕೊಂಡು ಸಿದ್ದರಾಜುವೂ ಬಸ್ಸು ಹತ್ತಿದ.

ಮಧ್ಯಾಹ್ನದವರೆಗೂ ಬಸ್ ಸ್ಟ್ಯಾಂಡಿನಲ್ಲಿ, ಕೋಟೆ ಬಾಗಿಲಲ್ಲಿ ನಿಂತರು. ಕೆಲವರು ವಿಷಯ ಕೇಳಿ ಸಹಿ ಹಾಕಿದರು. ಕೆಲವರು ಪೆನ್ನನ್ನೇ ಮುಟ್ಟದೆ ಹಿಂದೆ ಸರಿದರು. ಒಬ್ಬ ಯಜಮಾನರು ನಲ್ಲಿ ನೀರಿನ ಅರ್ಜಿಯೆಂದು ತಿಳಿದು ಸಹಿ ಹಾಕಿ, ನಮ್ಮ ಬೀದಿಯಿಂದಲೇ ಪೈಪು ಎಳೆಯಿರಿ ಎಂದು ಹೇಳಿ ಹೋದರು.

ಕೆಲಸ ಮುಗಿದ ಮೇಲೆ ಇಬ್ಬರೂ ಕಾವೇರಿಯ ಸ್ನಾನಘಟ್ಟಕ್ಕೆ ಬಂದರು. ಸಿದ್ದರಾಜು ದಡದಡ ಮೆಟ್ಟಿಲಿಳಿದು ನೀರು ಮುಟ್ಟಿ ತಿರುಗಿ ನೋಡಿದರೆ, ಜಯಶೀಲ ಮೇಲಿನ ಮೆಟ್ಟಿಲಲ್ಲೇ ಕೂತಿದ್ದಳು.

"ಬನ್ನಿ ಮೇಡಂ, ನೀರು ತಣ್ಣಗೈತೆ."

"ನಾನು ನೀರಿನ ಹತ್ರ ಒಬ್ಳೇ ಬರೋಹಾಗಿಲ್ಲ. ಬಂದ್ಬಿಟ್ರೆ ಮುಳುಗಿ ಹೋಗ್ತೀನಿ ಅಂತ ಚಿಕ್ಕೋಳಿದ್ದಾಗಿಂದ ಕಟ್ಟು."

"ಒಬ್ರೇ ಅಂತ ಯಾರಂದ್ರು?"

ಅವನು ಮೇಲೆ ಬಂದು ಅವಳ ತೋಳು ಹಿಡಿದ. ಗಟ್ಟಿಯಾಗಿ ಹಿಡಿಯಲಿಲ್ಲ, ಬಿಡುವ ಹಾಗೂ ಹಿಡಿಯಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಲ್ಲಿ ಕೂತು ಅವಳು ಪಾದಗಳನ್ನು ನೀರಿಗೆ ಬಿಟ್ಟಳು. ಬೆಳ್ಳಿ ಕಾಲುಂಗುರವಿಲ್ಲದ ಬೆರಳುಗಳ ನಡುವೆ ಕಾವೇರಿ ಹರಿಯಿತು. ಸ್ಕೂಲಿಗೆ ಹೋಗುತ್ತಿದ್ದಾಗ ಹೊಳೆಗೆ ಇಳಿದದ್ದೇ ಕೊನೆ. ಅವಳಿಗೆ ಅಳು ಬಂತು, ಅದು ಅವನಿಗೆ ಕಂಡಿತು. ಅವನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಅವಳು ಹೇಳಿದಳು.

"ನನಗೆ ಒಂದು ಮದುವೆ ಆಗಿತ್ತು. ಗೊತ್ತಾ?"

ಅವನ ಕೈ ತೋಳಿನ ಮೇಲಿಂದ ಸರಿಯಲಿಲ್ಲ.

ಕೆ.ಆರ್. ಪೇಟೆ ಕಡೆಯ ಸಂಬಂಧ. ಕಾಯಿಲೆಯ ವಿಷಯ ಮುಚ್ಚಿಟ್ಟಿದ್ದರು. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಪುಟ್ಟಗೌರಮ್ಮ, ಮದುಮಗಳ ಪೆಟ್ಟಿಗೆಯಲ್ಲಿ ಮಾತ್ರೆ ಕಂಡರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆಂದು ಮಾತ್ರೆಯನ್ನೇ ಬಿಡಿಸಿದ್ದಳು. ಬೆಳಗಿನ ಜಾವದ ಮುಹೂರ್ತ. ಚಪ್ಪರದ ದಿನದಿಂದ ಕಣ್ಣಿಗೆ ನಿದ್ದೆಯಿಲ್ಲ, ಧಾರೆ ಮುಗಿಯುವ ತನಕ ಹೊಟ್ಟೆಗೂ ಇಲ್ಲ. ಗಂಡನ ಮನೆಗೆ ಹೋದ ವಾರದೊಳಗೇ, ಬಡಿಸುತ್ತಿದ್ದವಳು ಅನ್ನದ ಪಾತ್ರೆಯ ಸಮೇತ ಬಿದ್ದಳು.

"ಎಚ್ಚರ ಆದಾಗ ಕೋಣೇಲಿ ಒಬ್ರೂ ಇರ್ಲಿಲ್ಲ. ಹೊರಗಡೆಯಿಂದ ಚಿಲಕ ಹಾಕಿದ್ರು. ಯಾರೂ ಮುಟ್ಟಬೇಡಿ, ಅವರಪ್ಪ ಬಂದು ಕರ್ಕೊಂಡು ಹೋಗ್ಲಿ ಅಂತ ಮಾತಾಡ್ಕೊಳ್ತಾ ಇದ್ದದ್ದು ಕಿಟಕೀಲಿ ಕೇಳಿಸ್ತಿತ್ತು. ಆಮೇಲೆ ಕೋರ್ಟು. ಈ ಮದುವೆ ಮದುವೆನೇ ಅಲ್ಲ ಅಂತ ಆಯ್ತು. ಗಂಡ ಬಿಟ್ಟೋಳೂ ಅಲ್ಲ, ಗಂಡ ಸತ್ತೋಳೂ ಅಲ್ಲ. ಹಂಗಾದ್ರೆ ಆ ಒಂದು ವಾರ ಆ ಮನೇಲಿ ನಾನು ಏನಾಗಿದ್ದೆ, ಹೇಳಿ?"

ಅವನು ಅವಳ ಪಕ್ಕದಲ್ಲೇ ಕೂತು ತನ್ನ ಪಾದಗಳನ್ನೂ ನೀರಿಗೆ ಬಿಟ್ಟ.

"ಬೀಳೋದಕ್ಕೆ ನನಗೆ ಭಯ ಇಲ್ಲ ಸಿದ್ದರಾಜು. ಬಿದ್ದಾಗ ನನಗೇನೂ ಗೊತ್ತಾಗಲ್ಲ. ಕಣ್ಣು ಬಿಟ್ಟಾಗ ಒಬ್ರೂ ಇರಲ್ವಲ್ಲ, ಅದಕ್ಕೆ ಭಯ."

"ನಾನಿರ್ತೀನಿ."

ಅದನ್ನು ಅವನು ತಮಾಷೆಯಾಗಿ ಹೇಳಲಿಲ್ಲ. ಅವಳು ಪಾದಗಳನ್ನು ನೀರಿನಿಂದ ಮೇಲೆ ತೆಗೆದು ಅವನ ಕಡೆ ತಿರುಗಿದಳು.

"ಹಾಗಿದ್ರೆ ನಿಮ್ಮ ಮನೇಲಿ ಹೇಳಿ. ಪಿಡ್ಸು, ಮಾತ್ರೆ, ಕೆ.ಆರ್. ಪೇಟೆ, ಒಂದನ್ನೂ ಬಿಡದೆ. ಕೇಳಿದ ಮೇಲೂ ಅವರು ಒಪ್ಪಿದ್ರೆ ಆಗ ನನ್ನ ಕೇಳಿ. ಆ ಕಾನೂನು ಬದಲಾಗೋತನಕ ಮಾತ್ರ ನಾನು ತಾಳಿ ಕಟ್ಟಿಸ್ಕೊಳ್ಳಲ್ಲ. ಇನ್ನೊಂದು ಸಲ ಯಾರ ಹೆಂಡ್ತೀನೂ ಅಲ್ಲದೋಳು ಅನ್ನಿಸ್ಕೊಳ್ಳೋ ಶಕ್ತಿ ಇಲ್ಲ ನನಗೆ."

"ಏಳ್ತೀನಿ ಜಯ. ಎಲ್ಲಾನೂ ಏಳ್ತೀನಿ."

ಮೇಡಂ ಹೋಗಿ ಜಯ ಆದದ್ದು ಆ ಮೆಟ್ಟಿಲ ಮೇಲೆ.

ಒಂದು ವರ್ಷ ಕಳೆಯಿತು. ತೊಂಬತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು, ಕಾನೂನು ಈ ವರ್ಷ ಬದಲಾಗುವುದು ಹೆಚ್ಚುಕಮ್ಮಿ ಖಂಡಿತ ಎಂದರು. ಆ ವಾರವೇ ಸಿದ್ದರಾಜು ಜಯಶೀಲಳ ಮನೆಗೆ ಬಂದ. ಕೊಬ್ಬರಿ ಒಣಹಾಕಿದ್ದ ಅಂಗಳದಲ್ಲಿ ಅವಳಿಗೆ ಹೇಳಿದ.

"ಮನೇಲಿ ಒಪ್ಪವ್ರೆ. ಕಾರ್ತೀಕದಲ್ಲಿ ವೀಳ್ಯಶಾಸ್ತ್ರ ಮುಗಿಸ್ಬುಡಣ ಅಂತಾವ್ರೆ. ಮದ್ವೆ ಸಂಕ್ರಾಂತಿ ಆದ್ಮೇಲೆ, ಕಾನೂನು ಬಂದ್ಮೇಲೆ."

"ಎಲ್ಲಾ ಹೇಳಿದ್ರಾ?"

"ಊಂ."

"ಎಲ್ಲಾ?"

"ಏಳಿವ್ನಿ ಅಂದ್ನಲ್ಲ." ಕೊಬ್ಬರಿಯ ಒಂದು ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಅವಳು ಅವನ ಕಣ್ಣು ನೋಡಬೇಕಿತ್ತು, ಸಂತೋಷದಲ್ಲಿ ನೋಡಲಿಲ್ಲ. ಆಮೇಲೆ ಎಷ್ಟೋ ಸಲ ಆ ಗಳಿಗೆ ನೆನಪಾಗಿ ತನ್ನನ್ನೇ ಬೈದುಕೊಂಡಳು.

ವೀಳ್ಯಶಾಸ್ತ್ರದ ದಿನ ಗಂಡಿನ ಕಡೆಯಿಂದ ಅಪ್ಪ ದೇವಯ್ಯ, ತಾಯಿ ಚಿಕ್ಕಬೋರಮ್ಮ, ನಾಲ್ಕೈದು ಜನ ನೆಂಟರು ಬಂದರು. ಜಯಶೀಲಳ ಅಪ್ಪ ಶಿವಣ್ಣ ಹೊಸ ಪಂಚೆಯುಟ್ಟು ಓಡಾಡಿದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆಗಳು ಬದಲಾಗುವುದೊಂದು ಬಾಕಿ. ಚಿಕ್ಕಬೋರಮ್ಮ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಮಲ್ಲಿಗೆ ಮುಡಿಸಿ, ಕುಂಕುಮದ ಬಟ್ಟಲಿಗೆ ಬೆರಳದ್ದಿದಳು.

"ಇಂಥ ಬಂಗಾರದಂಥ ಹುಡ್ಗಿ. ಆ ಕೆ.ಆರ್. ಪೇಟೆ ಹಾಳಾದೋನಿಗೆ ಮೊದ್ಲೇ ಒಬ್ಳು ಇದ್ಳಂತಲ್ಲ ಮಗ? ನಮ್ಮ ಸಿದ್ದ ಎಲ್ಲಾ ಏಳ್ದ. ಪಾಪ, ನಿಂದೇನು ತೆಪ್ಪೈತೆ ಅದ್ರಲ್ಲಿ?"

ಜಯಶೀಲಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಸಿದ್ದರಾಜುವಿನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿದ್ದ. ಹಿಂದೆ ನಿಂತಿದ್ದ ಪುಟ್ಟಗೌರಮ್ಮ ಮೊಮ್ಮಗಳ ತೋಳನ್ನು ಗಟ್ಟಿಯಾಗಿ ಚಿವುಟಿದಳು. ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಒಂದು ಸಲ ಅಜ್ಜಿಯ ಮಾತು ಕೇಳಿ ಜಯಶೀಲಳ ಬದುಕು ಹಾಳಾಗಿತ್ತು.

"ಅವನಿಗೆ ಯಾರೂ ಇರ್ಲಿಲ್ಲ ಅಮ್ಮಾ," ಎಂದಳು. "ನನಗೆ ಪಿಡ್ಸು ಇದೆ. ಮದುವೆ ಆದ ವಾರದಲ್ಲಿ ಬಂತು, ಅದಕ್ಕೆ ಬಿಟ್ರು. ಈಗ ಮಾತ್ರೆ ತಗೋತೀನಿ. ಎರಡು ವರ್ಷದಿಂದ ಬಂದಿಲ್ಲ. ಮುಂದೆ ಬರಲ್ಲ ಅಂತ ನಾನು ಭಾಷೆ ಕೊಡಕ್ಕಾಗಲ್ಲ."

ತಟ್ಟೆಗೆ ಕೈಹಾಕಿದ್ದ ನೆಂಟರೊಬ್ಬರು ಕೈ ಹಿಂದಕ್ಕೆ ಎಳೆದುಕೊಂಡರು.

"ಏನ್ಲಾ ಸಿದ್ದ," ಎಂದರು ದೇವಯ್ಯ, "ಇವ್ಳು ಏಳ್ತಿರೋದು ದಿಟ್ವೇನ್ಲಾ?"

ಮಗನ ಬಗ್ಗಿದ ತಲೆಯೇ ಉತ್ತರವಾಯಿತು. ದೇವಯ್ಯ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಚಿಕ್ಕಬೋರಮ್ಮ ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಹಣೆಗಿಡಲು ಎತ್ತಿದ್ದ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗಂಡನ ಹಿಂದೆ ಹೋದಳು.

ಸಿದ್ದರಾಜು ಒಬ್ಬನೇ ಉಳಿದ.

"ಜಯ, ನಿನ್ನ ಕಳ್ಕಂಬುಟ್ಟೇನು ಅನ್ನೋ ಭಯುಕ್ಕೆ ಅಂಗೇಳ್ದೆ. ಮದ್ವೆ ಆದ್ಮೇಲೆ ನಿಧಾನುಕ್ಕೆ ಏಳಣ ಅಂತ... ಪ್ರೀತಿಯಿಂದ ಕಣೆ."

"ನಮ್ಮಜ್ಜಿಗೆ ನನ್ನ ಮೇಲೆ ಪ್ರೀತಿ ಕಮ್ಮಿ ಇತ್ತಾ? ಅವಳೂ ಪ್ರೀತಿಯಿಂದಲೇ ಮುಚ್ಚಿಟ್ಟಿದ್ದು." ಅವಳ ದನಿ ಏರಲಿಲ್ಲ, ಹುಬ್ಬೂ ಏರಲಿಲ್ಲ. "ದಿನಾ ಬೇರೆಯವರ ಹಾಲಿಗೆ ಡಿಗ್ರಿ ಇಟ್ಟು ನೋಡ್ತೀರಿ. ನಿಮ್ಮ ಮಾತಿಗೆ ಎಷ್ಟು ನೀರು ಹಾಕಿದ್ರಿ ಅಂತ ಒಂದು ಸಲ ನೋಡ್ಕೊಳ್ಳಿ. ಇನ್ನು ಕ್ಯಾಂಪಿಗೆ ಬರಬೇಡಿ."

ಅವನು ಹೋದ ಮೇಲೆ ಅವಳು ಮಲ್ಲಿಗೆಯನ್ನು ತೆಗೆದು ತುಳಸಿಕಟ್ಟೆಯ ಮೇಲಿಟ್ಟಳು. ಅಜ್ಜಿ ಮೂಲೆಯಲ್ಲಿ ಕೂತು ಅತ್ತಳು. ಶಿವಣ್ಣ ಬಾಡಿಗೆಗೆ ತಂದಿದ್ದ ಜಮಖಾನೆಯನ್ನು ಸುತ್ತಿಕೊಂಡು ವಾಪಸ್ ಕೊಡಲು ಹೋದರು.

ಡಿಸೆಂಬರಿನ ಕೊನೆಯ ಭಾನುವಾರ ಡಾಕ್ಟರು ಬಂದವರೇ ಪೇಪರನ್ನು ಗಾಳಿಯಲ್ಲಿ ಆಡಿಸಿದರು. ಪಾರ್ಲಿಮೆಂಟಿನಲ್ಲಿ ಪಾಸಾಗಿತ್ತು. ಮದುವೆಯ ಕಾನೂನಿನಿಂದ ಆ ಪದ ಹೋಗಿತ್ತು. ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬ ಅಪ್ಪ ಮಗಳ ತಲೆ ನೇವರಿಸುತ್ತಾ ಬಿಕ್ಕಿಬಿಕ್ಕಿ ಅತ್ತ. ಜಯಶೀಲ ಎಲ್ಲರಿಗೂ ಸಕ್ಕರೆ ಹಂಚಿದಳು. ವರ್ಷಗಟ್ಟಲೆ ಕಾದ ಸುದ್ದಿ ಬಂದಿತ್ತು, ಅದನ್ನು ಮೊದಲು ಯಾರಿಗೆ ಹೇಳಬೇಕಿತ್ತೋ ಅವನು ಬಾಗಿಲಲ್ಲಿ ಇರಲಿಲ್ಲ. ಬೇಡವೆಂದವಳು ತಾನೇ. ಆದರೂ ಕಣ್ಣು ಬಾಗಿಲ ಕಡೆಗೇ ಹೋಯಿತು.

ಬೆಂಚಿನಲ್ಲಿ ಆ ದಿನ ಹೊಸಬರು ಹೆಚ್ಚಿದ್ದರು. ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡಿದ್ದ ಹೆಂಗಸೊಬ್ಬಳನ್ನು ಜಯಶೀಲ ಕೇಳಿದಳು. "ಯಾವೂರಮ್ಮ? ಇಲ್ಲಿಗೆ ಬರೋಕೆ ಯಾರು ಹೇಳಿದ್ರು?"

"ನಮ್ಮೂರ ಡೈರಿ ಸೆಕ್ರೆಟ್ರಿ ಏಳುದ್ರು ಕನವ್ವ. ಹೊಣಕೆರೆ ಒಳಗ್ಲೋರು ನಾವು."

ಜಯಶೀಲಳ ಕೈಯಲ್ಲಿದ್ದ ಪೆನ್ನು ನಿಂತಿತು. "ಏನು ಹೇಳಿದ್ರು?"

"ಒಬ್ರಿಗಾ ಇಬ್ರಿಗಾ? ಹಾಲು ಅಳೀತಾ ಒಬ್ಬೊಬ್ರುಗೂ ಏಳ್ತಾ ಬಂದ್ರು. 'ನಾನು ಮದ್ವೆ ಆಗ್ಬೇಕು ಅಂತಿದ್ದ ಹುಡ್ಗಿಗೆ ಪಿಡ್ಸು ಐತೆ. ಅದ್ನ ಮುಚ್ಚಿಟ್ಟು ನಾನೇ ಅವ್ಳ ಮರ್ವಾದೆ ಕಳ್ದೆ, ತೆಪ್ಪು ನಂದು. ನಿಮ್ಮನೇಲಿ ಯಾರ್ಗಾರ ಇದ್ರೆ ಮುಚ್ಚಿಡ್ಬ್ಯಾಡಿ' ಅಂತ. ನಾನು ಹದಿನೈದು ವರ್ಸದಿಂದ ಮುಚ್ಚಿಟ್ಟಿದ್ದೆ ಕನವ್ವ."

"ಜನ ಏನಂತಾರೆ?"

"ತಲೆ ಕೆಟ್ಟೈತೆ ಅಂತಾರೆ. ಕೆಲವ್ರು ಆ ಕೈಯಲ್ಲಿ ಅಳಸ್ಕಳದೇ ಬ್ಯಾಡ ಅಂತ ಪಕ್ಕದೂರ್ಗೆ ಹಾಲು ಹಾಕ್ತಾವ್ರೆ. ಅವ್ರಪ್ಪ ಮಾತೇ ಬುಟ್ಟವ್ರೆ."

ಹಳ್ಳಿಯಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗಬೇಕೆಂದರೆ ಡೈರಿಯಲ್ಲಿ ಹೇಳಬೇಕು. ಬೆಳಗ್ಗೆ ಹೇಳಿದ್ದು ಸಂಜೆ ಹಾಲಿನ ಹೊತ್ತಿಗೆ ಮನೆಮನೆಯ ಒಲೆ ಮುಂದೆ ಕೂತಿರುತ್ತದೆ. ಆ ಮಾತನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೇ ಇಲ್ಲವೆಂದು ಸಿದ್ದರಾಜುವಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಆ ರಾತ್ರಿ ಜಯಶೀಲ ಮಲಗಲಿಲ್ಲ, ಮರುರಾತ್ರಿಯೂ ಇಲ್ಲ. ನಿದ್ದೆಗೆಡಬೇಡಿ, ನಿದ್ದೆಗೆಟ್ಟರೆ ಪಿಡ್ಸು ಬರುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ತಾನೇ ಸೂರು ನೋಡುತ್ತಾ ಬಿದ್ದುಕೊಂಡಿದ್ದಳು. ಬೆಳಗಾಗುವ ಮೊದಲು ಎದ್ದು ಅಪ್ಪನಿಗೆ ಹೇಳಿ ಮೊದಲ ಬಸ್ಸು ಹತ್ತಿದಳು.

ಧನುರ್ಮಾಸದ ಮಂಜು. ಡೈರಿಯ ಬಾಗಿಲಲ್ಲಿ ಒಂದು ಬಲ್ಬು ಮಂಕಾಗಿ ಉರಿಯುತ್ತಿತ್ತು. ಕ್ಯಾನು, ತಂಬಿಗೆ, ಸ್ಟೀಲ್ ಡಬ್ಬಗಳನ್ನು ಹಿಡಿದ ಜನ ಸಾಲಾಗಿ ನಿಂತಿದ್ದರು. ಜಯಶೀಲ ತಲೆಗೆ ಸೆರಗು ಹೊದ್ದು ಸಾಲಿನ ಕೊನೆಯಲ್ಲಿ ನಿಂತಳು. ಒಳಗೆ ಸಿದ್ದರಾಜು ಹಾಲು ಅಳೆಯುತ್ತಿದ್ದ. ಇಳಿದುಹೋಗಿದ್ದ. ಗಡ್ಡ ಬಂದಿತ್ತು.

"ಸೆಕ್ರೆಟ್ರಿ, ನಿನ್ನ ಹುಡ್ಗಿ ಬಂದ್ಳೇನ್ಲಾ?" ಎಂದಳು ಮುಂದೆ ನಿಂತಿದ್ದ ಮುದುಕಿ.

"ಇಲ್ಲ ಕನಜ್ಜಿ."

"ಬತ್ತಾಳಾ?"

"ಗೊತ್ತಿಲ್ಲ. ಬರ್ಲಿ ಬುಡ್ಲಿ, ಏಳ್ಬೇಕಾದ್ದ ಏಳಿವ್ನಿ."

"ಮೊದ್ಲು ಡಿಗ್ರಿ ನೋಡ್ಲಾ," ಎಂದ ಅವಳ ಹಿಂದಿದ್ದ ಒಬ್ಬ ಮುದುಕ, "ಲಾರಿ ಬರೋ ಹೊತ್ತಾಯ್ತು. ಪ್ರೀತಿ ಪ್ರೇಮ ಬಿಸ್ಲೇರುದ್ಮೇಲೆ ಮಾಡೀಯಂತೆ."

ಸಾಲಿನಲ್ಲಿ ನಗು ಎದ್ದಿತು. ಸೆರಗಿನೊಳಗೆ ಜಯಶೀಲಳೂ ನಕ್ಕಳು, ನಗುತ್ತಲೇ ಕಣ್ಣು ಒದ್ದೆಯಾಯಿತು. ಆಗ ಅವಳ ಮುಂದೆಯೇ ನಿಂತಿದ್ದ ಹೆಂಗಸು ತಿರುಗಿದಳು. ಕೈಯಲ್ಲಿ ಹಾಲಿನ ತಂಬಿಗೆ ಹಿಡಿದ ಚಿಕ್ಕಬೋರಮ್ಮ.

"ನೀನಾ?"

"ಹೂಂ ಅಮ್ಮಾ."

"ಹೆತ್ತೋಳ್ಗೆ ಸುಳ್ಳೇಳ್ದ. ಊರ್ಗೆಲ್ಲ ದಿಟ ಏಳ್ತಾವ್ನೆ. ಬೀದೀಲಿ ತಲೆ ಎತ್ತಂಗಿಲ್ಲ ನಾನು. ಯಜಮಾನ್ರು ಉಣ್ಣಕ್ಕೂ ಒಳೀಕೆ ಬರಾಕಿಲ್ಲ, ಜಗುಲಿ ಮ್ಯಾಲೇ ಕುಂತವ್ರೆ. ಇನ್ನೇನ್ ನೋಡಣ ಅಂತ ಬಂದೆ?"

"ನಾನು ಜಗಳಕ್ಕೆ ಬರ್ಲಿಲ್ಲ ಅಮ್ಮಾ. ಅವರು ಹೇಳಿದ್ದು ನಿಜವಾ ಅಂತ..."

ಸಿದ್ದರಾಜು ಕತ್ತೆತ್ತಿದ. ಸಾಲಿನಾಚೆ ಅವಳನ್ನು ಕಂಡ. ಕೈಯಲ್ಲಿದ್ದ ಅಳತೆಯ ಪಾತ್ರೆ ತುಂಬಿ ಹಾಲು ಮುಂಗೈಯ ಮೇಲೆ ಹರಿಯುತ್ತಿದ್ದರೂ ಅವನು ನೋಡುತ್ತಲೇ ಇದ್ದ. ಅವಳಿಗೂ ಕಣ್ಣು ಕೀಳಲಾಗಲಿಲ್ಲ. ಆ ನೋಟದಲ್ಲಿ ತಮಾಷೆ ಇರಲಿಲ್ಲ, ಸಿಹಿ ಮಾತು ಇರಲಿಲ್ಲ, ಬೇಡಿಕೊಳ್ಳುವುದೂ ಇರಲಿಲ್ಲ. ಇಷ್ಟು ಪ್ರೀತಿಯನ್ನು ಅವಳು ಅವನ ಮುಖದಲ್ಲಿ ಮೊದಲ ಸಲ ನೋಡಿದಳು.

ಆಗಲೇ ಶಬ್ದಗಳೆಲ್ಲ ದೂರಕ್ಕೆ ಹೋದವು. ಬಾಯಲ್ಲಿ ಕಬ್ಬಿಣದ ರುಚಿ. ಎರಡು ವರ್ಷದಿಂದ ಬರದೆ ಇದ್ದದ್ದು ಬರುತ್ತಿತ್ತು. ಬೇರೆಲ್ಲೂ ಅಲ್ಲ, ಇಲ್ಲಿ, ಇಡೀ ಊರಿನ ಎದುರಿಗೆ.

"ಅಮ್ಮಾ," ಎಂದಳು ಚಿಕ್ಕಬೋರಮ್ಮನಿಗೆ, "ನನ್ನ ಹಿಡ್ಕೊಳ್ಳಿ."

ಮುಂದೇನಾಯಿತೆಂದು ಅವಳಿಗೆ ಗೊತ್ತಿಲ್ಲ.

ಮೊದಲು ಚಳಿ ತಿಳಿಯಿತು. ಕೆನ್ನೆಯ ಕೆಳಗೆ ಏನೋ ಮೆತ್ತಗಿತ್ತು. ಮೈಯೆಲ್ಲ ಹಾಲಿನ ವಾಸನೆ. ಅವಳು ಕಣ್ಣು ಬಿಡಲಿಲ್ಲ. ಬಿಟ್ಟರೆ ಖಾಲಿ ಕೋಣೆ ಕಂಡರೆ? ಈ ಸಲ ಹಾಗೆ ಕಂಡರೆ ತಾನು ಬದುಕುವುದಿಲ್ಲ ಎನ್ನಿಸಿತು. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

"ಎಕ್ಕಡ ಮೂಸ್ಸಿ, ಬೇಗ ಏಳ್ತಾಳೆ," ಎನ್ನುತ್ತಿದ್ದ ಯಾರೋ ಒಬ್ಬ.

"ತಂದ್ರೆ ನಿನ್ನ ಬಾಯ್ಗೇ ಮಡಗ್ತೀನಿ ಆ ಎಕ್ಕಡವ!" ಅದು ಚಿಕ್ಕಬೋರಮ್ಮನ ದನಿ, ತಲೆಯ ಮೇಲೇ ಕೇಳಿಸಿತು. "ದೂರ ನಿಂತ್ಕಳ್ರೋ, ಗಾಳಿ ಬರ್ಲಿ. ಏನೂ ಮೂಸ್ಸಂಗಿಲ್ಲ, ಮಗ್ಲಿಗೆ ತಿರುಗ್ಸಿ ಕಾಯ್ಬೇಕು ಅಷ್ಟೇಯ. ದಿನಾ ಹಾಲು ಅಳೀತಾ ಇವ್ನು ಬಡ್ಕಳದ ಕೇಳ್ನಿಲ್ವಾ?"

"ಲಾರಿ ಬಂತು ಕಣ್ರೋ."

"ನಿಲ್ಸು ಅನ್ನು. ಹುಡ್ಗಿ ಏಳ್ಲಿ," ಎಂದ, ಲಾರಿಗೆ ಆತುರಪಡಿಸಿದ್ದ ಮುದುಕ.

ಜಯಶೀಲ ಕಣ್ಣು ಬಿಟ್ಟಳು. ಮೊದಲು ಕಂಡದ್ದು ಪಾದಗಳು. ಕೆಸರು ಮೆತ್ತಿದ ಹತ್ತಾರು ಪಾದಗಳು. ಸಾಲು ಸ್ವಲ್ಪ ಹಿಂದೆ ಸರಿದಿತ್ತು, ನಾಲ್ಕೈದು ಜನ ಕಮ್ಮಿಯಾಗಿದ್ದರು, ಉಳಿದವರು ಅಲ್ಲೇ ನಿಂತಿದ್ದರು. ಅವಳ ತಲೆ ಚಿಕ್ಕಬೋರಮ್ಮನ ತೊಡೆಯ ಮೇಲಿತ್ತು. ಸಿದ್ದರಾಜು ಪಕ್ಕದಲ್ಲಿ ಮಂಡಿಯೂರಿ ಅವಳ ಹೆಗಲ ಮೇಲೆ ಕೈಯಿಟ್ಟು ಕೂತಿದ್ದ. ಅಷ್ಟು ಜನರ ಎದುರು ನಾಚಿಕೆಯಿಲ್ಲದೆ ಅಳುತ್ತಿದ್ದ.

"ಇಲ್ಲೇ ಇವ್ನಿ ಜಯ," ಎಂದ. "ಭಯ ಆಗೋಯ್ತು ನಂಗೆ. ಚಾಪೆ ಮ್ಯಾಲೆ ಮಲಗ್ದಷ್ಟು ಸುಲ್ಬ ಅಲ್ಲ ಕಣೆ ಇದು. ದಿಟ ಏಳ್ತಿವ್ನಿ, ಓಡೋಗ್ಬುಡಣ ಅನ್ನುಸ್ತು. ಕಾಲು ಬರ್ನಿಲ್ಲ."

ಇದಕ್ಕಿಂತ ಚಂದದ ಮಾತುಗಳನ್ನು ಅವನು ಅವಳಿಗೆ ಎಷ್ಟೋ ಹೇಳಿದ್ದ. ಅವಳು ಪೂರ್ತಿ ನಂಬಿದ್ದು ಇದೊಂದನ್ನೇ. ನಾಲಿಗೆ ಇನ್ನೂ ತೊದಲುತ್ತಿತ್ತು, ಮೈಯೆಲ್ಲ ನೋವು. ಅವನ ಬೆರಳೊಂದನ್ನು ಹಿಡಿದುಕೊಂಡಳು.

"ನನ್ನ ಎಮ್ಮೆ ಹಾಲ್ನೆಲ್ಲ ನಿನ್ನ ಸೀರೆ ಕುಡ್ಕಂತು," ಎಂದಳು ಚಿಕ್ಕಬೋರಮ್ಮ. "ಎರಡು ವರ್ಸದಿಂದ ಬರ್ನಿಲ್ಲ ಅಂದಿದ್ದೆ. ಇವತ್ಯಾಕೆ ಬಂತು?"

"ಎರಡು ರಾತ್ರಿ ನಿದ್ದೆ ಇರ್ಲಿಲ್ಲ."

"ಯಾಕಿರ್ನಿಲ್ಲ?"

ಎಲ್ಲರೂ ಸಿದ್ದರಾಜುವಿನ ಕಡೆ ನೋಡಿದರು. ಆ ಮುದುಕ ಕೆಮ್ಮಿ, ಲಾರಿಯವನನ್ನು ಮಾತಾಡಿಸಲು ಹೋದ.

ಜಯಶೀಲ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. ಆಮೇಲೆ, ಸಿದ್ದರಾಜುವಿಗಲ್ಲ, ಅವನ ತಾಯಿಗೆ ಹೇಳಿದಳು.

"ಅತ್ತೆ, ಧಾರೆ ಹಗಲು ಹೊತ್ತಿಗೆ ಇರ್ಲಿ. ಬೆಳಗಿನ ಜಾವದ ಮುಹೂರ್ತ ಬೇಡ. ನಾನು ನಿದ್ದೆಗೆಡೋ ಹಾಗಿಲ್ಲ."

ಸಿದ್ದರಾಜುವಿನ ಬೆರಳು ಅವಳ ಮುಷ್ಟಿಯೊಳಗೆ ಬಿಗಿಯಾಯಿತು. ಚಿಕ್ಕಬೋರಮ್ಮ ಅವಳ ಕೆನ್ನೆಯ ಮೇಲಿನ ಹಾಲನ್ನು ಸೆರಗಿನಿಂದ ಒರೆಸಿದಳು.

"ನಿಮ್ಮಾವ ಒಪ್ತಾರೋ ಇಲ್ವೋ, ಮದ್ವೆಗೆ ಬತ್ತಾರೋ ಇಲ್ವೋ ನಂಗೊತ್ತಿಲ್ಲ ಮಗ. ಸುಳ್ಳು ಏಳಾಕಿಲ್ಲ ನಾನು."

"ಹೇಳಬೇಡಿ ಅತ್ತೆ."

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಸಾಲಿನಲ್ಲಿದ್ದ ಮುದುಕಿ ತನ್ನ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಯಾರೂ ಸಾಲು ಬಿಟ್ಟು ಹೋಗಲಿಲ್ಲ.

"ಧನುರ್ಮಾಸ ಕಳೀಲಿ," ಎಂದಳು ಚಿಕ್ಕಬೋರಮ್ಮ. "ಧಾರೆ ಹಗ್ಲೇ ಮಡೀಕಳಣ."